ಸಡಿಲ ಹಗ್ಗ

ಸುರತ್ಕಲ್ಲಿನ ನಮ್ಮ ನೆಲಮಾಳಿಗೆಯಲ್ಲಿ
ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗೆ
ಒಂದು ಹರಳು ಮಲಗಿದೆ, ಉಪ್ಪಿನ ಕಲ್ಲಿಗಿಂತ ಚಿಕ್ಕದು.
ಮೇಲೆ ಮೇ ತಿಂಗಳು. ಅಂಗಿ ಬೆನ್ನಿಗೆ ಅಂಟಿದೆ.

ಅದನ್ನು ತಣ್ಣಗಿಡುವ ಯಂತ್ರಕ್ಕೆ ಉಬ್ಬಸ.
ಹೀಲಿಯಂ ಎಳೆದು, ಬಿಟ್ಟು, ಎಳೆದು
ಚುಶ್ಶ್... ಟಕ್.
ಚುಶ್ಶ್... ಟಕ್.
ಕೂದಲೆಳೆಯ ಸಾವಿರದ ಒಂದು ಪಾಲು ನಡುಕ.
ಅಷ್ಟು ಸಾಕು,
ಪರದೆಯ ಮೇಲಿನ ಪರಮಾಣುಗಳ ಸಾಲು
ಓಡುವ ಬಸ್ಸಿನಲ್ಲಿ ಗೀಚಿದ ವಿಳಾಸವಾಗಲಿಕ್ಕೆ.

ರಬ್ಬರ್ ಇಟ್ಟೆವು; ಕುಣಿತ ಹೆಚ್ಚಿತು.
ಕಂಪ್ರೆಸರನ್ನು ಗೋಡೆಯಾಚೆ ಸೈಕಲ್ ಶೆಡ್ಡಿಗೆ ದೂಡಿದೆವು;
ವಾಚ್‌ಮನ್ ಐತಪ್ಪಣ್ಣ ನಿದ್ದೆ ಕೆಟ್ಟಿತೆಂದು
ವಾರವಿಡೀ ನಮ್ಮೊಡನೆ ಮಾತು ಬಿಟ್ಟ.
ಪೈಪನ್ನು ಮರಳಿನಲ್ಲಿ ಹೂಳಿ ಎಂದರು ಜೆಸಿಂತಾ ಮೇಡಂ.
ನಾಲ್ಕು ಬುಟ್ಟಿ ಮರಳಿಗೆ ನಾನು ನಾಲ್ಕು ಕಚೇರಿ ಹತ್ತಿಳಿದೆ.
"ಯಾವ ಹೊಳೆಯದ್ದು? ಪರ್ಮಿಟ್ ಎಲ್ಲಿ?"
"ವಿಜ್ಞಾನಕ್ಕೆ, ಸಾರ್."
"ಎಲ್ಲರದ್ದೂ ಒಂದಲ್ಲ ಒಂದಕ್ಕೇ."

ಆಗ ಬಂದವರು ವಾಮನ ಕುಂದರ್,
ಬಂದದ್ದು ಜನರೇಟರ್ ರಿಪೇರಿಗೆ.
ಧಕ್ಕೆಯಲ್ಲಿ ಮೂವತ್ತೊಂದು ವರ್ಷ
ಬೋಟಿನ ಇಂಜಿನ್ ಜೊತೆ ಸಂಸಾರ ಮಾಡಿದವರು.
ಬಾಗಿಲಲ್ಲೇ ನಿಂತು ಕೇಳಿದರು,
ಒಳಗೆ ಬಂದು ಒಂದು ಬೋಲ್ಟಿನ ಮೇಲೆ ಬೆರಳಿಟ್ಟರು.
"ಇಷ್ಟು ಬಿಗಿ ಕಟ್ಟಿದ್ದೀರಲ್ಲ ಮಾರಾಯ್ರೆ!
ಪಕ್ಕದ ಬೋಟು ಕುಣಿದರೆ ನಿಮ್ಮದೂ ಕುಣಿಯದೆ ಏನು?
ಹಗ್ಗ ಇರಲಿ. ಜೋಲಲಿ."

ಜೋತದ್ದರಲ್ಲಿ ತಂಪು ದಾಟೀತೇ?
ಮುಬೀನಾ ಕ್ಯಾಂಟೀನ್ ಬಿಲ್ಲಿನ ಹಿಂಬದಿ ಲೆಕ್ಕ ಹಾಕಿದಳು.
ದಾಟಬೇಕಾದ್ದು ದಾಟಲಿ,
ದಾಟಬಾರದ್ದು ನಡುದಾರಿಯಲ್ಲಿ ಎಲ್ಲೋ
ಬಂದ ಕೆಲಸ ಮರೆತು ಕೂರಲಿ,
ಅಂಥದ್ದೊಂದು ಬೇಕು.
ತಾಮ್ರದ ಎಳೆ, ಮುನ್ನೂರು, ನೂಲಿಗಿಂತ ತೆಳು.
ಮೂರು ಸಂಜೆ ಕೂತು ಹೆಣೆದಳು.
"ತಂಗಿಗೆ ಹೀಗೆ ಸಡಿಲ ಜಡೆ ಹಾಕಿದರೆ
ಉಮ್ಮ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು" ಅಂದಳು.

ಮರಳಿನ ಬದಲು, ಬಂದರಿನಿಂದ,
ಬಲೆಗೆ ಕಟ್ಟುವ ಸೀಸದ ಗುಂಡು ಇಪ್ಪತ್ತೈದು ಕಿಲೋ.
ಅಂಗಡಿಯವ ಕೇಳಿದ: ಯಾವ ಮೀನಿಗೆ?
ಅದೇ ಪ್ರಶ್ನೆ, ತುಸು ಬೇರೆ ಭಾಷೆಯಲ್ಲಿ,
ಲೆಕ್ಕಪತ್ರ ವಿಭಾಗದಿಂದಲೂ ಬಂತು.

ಕೆಲಸ ಮುಗಿದ ದಿನ ಚಹಾ.
"ನನಗೆ ಅರ್ಧ ಲೋಟ ಸಾಕು" ಎಂದರು ಕುಂದರ್.
ಇಂಜಿನ್ ಬಿಟ್ಟು ಎಂಟು ವರ್ಷ;
ಬಲಗೈ ಇನ್ನೂ ಅದರ ಮೇಲೆಯೇ ಇದ್ದಂತಿತ್ತು.
ಎಡಗೈಯಿಂದ ಬಲಗೈ ಹಿಡಿದು, ಲೋಟವನ್ನು ತುಟಿಗೆ ತಂದರು.
ನಾನು ನೋಡಿದೆ. ನೋಡಿ, ಗೇಜಿನ ಕಡೆ ತಿರುಗಿದೆ.
ಗೇಜಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆ ರಾತ್ರಿ ಪರಮಾಣುಗಳು ಸಾಲಾಗಿ ಬಂದವು,
ಒಂದೊಂದೂ ಬಿಡಿಬಿಡಿ,
ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಒಣಗಲಿಟ್ಟ ಹಂಚಿನಂತೆ.
ಮುಬೀನಾ ಕಿರುಚಲಿಲ್ಲ, ಪರದೆಗೆ ಬೆನ್ನು ಮಾಡಿ ಕೂತಳು,
ಮತ್ತೆ ತಿರುಗಿದಳು: ಹಾಗೇ ಇದ್ದವು.

ಆದರೂ ಗ್ರಾಫಿನ ತಳದಲ್ಲಿ ಒಂದು ಉಬ್ಬು,
ಎಂಟೊಂಬತ್ತು ಸೆಕೆಂಡಿಗೊಮ್ಮೆ, ನಿಧಾನ,
ಅವಸರವಿಲ್ಲದವರು ಮೆಟ್ಟಿಲಿಳಿದಂತೆ.
ಯಂತ್ರದ್ದಲ್ಲ, ಹೆದ್ದಾರಿಯದ್ದಲ್ಲ,
ಗೂಡ್ಸ್ ರೈಲು ಹೋಗಿ ಗಂಟೆಯಾಗಿದೆ.
ಕುಂದರ್ ಅವರಿಗೆ ಫೋನ್ ಮಾಡಿದೆ.
"ಎಷ್ಟು ಹೊತ್ತಿಗೊಮ್ಮೆ?" ಕೇಳಿದರು. ಎಣಿಸಿ ಹೇಳಿದೆ.
"ದೂರದಲ್ಲಿ ಎಲ್ಲೋ ಗಾಳಿ ಎದ್ದಿದೆ.
ನಾಳೆ ಬೋಟು ಮೇಲೆ ಎಳೆಯಬೇಕು" ಎಂದು
ಯಾರಿಗೋ ಹೇಳಲು ಎದ್ದರು, ಫೋನ್ ಇಡುವುದನ್ನೂ ಮರೆತು.

ಲಾಗ್ ಪುಸ್ತಕದಲ್ಲಿ ಬರೆದೆ:
ಮೂಲ: ಕಡಲು.
ಪರಿಹಾರ: (ಖಾಲಿ).

ಖಾತರಿಗೆಂದು ಒಮ್ಮೆ ಯಂತ್ರ ನಿಲ್ಲಿಸಿದೆವು.
ಉಬ್ಬು ಹಾಗೆಯೇ ಇತ್ತು.
ಶೆಡ್ಡಿನಿಂದ ಐತಪ್ಪಣ್ಣ ಓಡಿ ಬಂದ,
ಕೈಯಲ್ಲಿ ಟಾರ್ಚು, ಕೆನ್ನೆಯಲ್ಲಿ ಕಂಪ್ರೆಸರಿನ ಜಾಲರಿಯ ಅಚ್ಚು,
"ಏನಾಯಿತು? ಏನಾಯಿತು?
ಎಂಥದೋ ಸದ್ದಿಗೆ ಎಚ್ಚರಾಯಿತು."